ನೀರು ನೋಡಿದವಳು

ನಮ್ಮ ಲಾಂಚಿನಲ್ಲಿ ಯಾರೂ ಯಾರಿಗೂ ಪ್ರಶ್ನೆ ಕೇಳುವುದಿಲ್ಲ. ಹೊಳೆ ಸಮುದ್ರ ಸೇರುವಲ್ಲಿ, ನೀರಿನ ನಡುವೆ, ಮೂರು ಕುದ್ರುಗಳಿವೆ. ನಾವಿರುವುದು ಎಲ್ಲಕ್ಕಿಂತ ಆಚೆಯ ದೊಡ್ಡ ಕುದ್ರುವಿನಲ್ಲಿ. ಪೇಟೆಯ ಕಟ್ಟೆಯಿಂದ ಅಲ್ಲಿಗೆ ನಲವತ್ತು ನಿಮಿಷದ ದಾರಿ. ಈ ನಲವತ್ತು ನಿಮಿಷದಲ್ಲಿ ಯಾರಾದರೂ ಸುಳ್ಳು ಹೇಳಿದರೆ ಲಾಂಚು ನಿಂತುಬಿಡುತ್ತದೆ. ಇಂಜಿನ್ ಕೂಗುತ್ತಲೇ ಇರುತ್ತದೆ, ಹಿಂದೆ ನೊರೆ ಏಳುತ್ತಲೇ ಇರುತ್ತದೆ, ಲಾಂಚು ಮಾತ್ರ ಇದ್ದಲ್ಲೇ. ಹೇಳಿದವರು ಬಾಯಿಬಿಟ್ಟು ‘ಅದು ಸುಳ್ಳು’ ಎಂದು ಒಪ್ಪಿದ ಮೇಲೆಯೇ ಮುಂದಕ್ಕೆ ಹೊರಡುವುದು. ತಿಳಿಯದೆ ತಪ್ಪು ಹೇಳಿದರೆ ತೊಂದರೆ ಇಲ್ಲ. ಒಳಗೊಂದು ಇಟ್ಟುಕೊಂಡು ಹೊರಗೊಂದು ಹೇಳಿದರೆ ಮಾತ್ರ ಹೀಗೆ. ಹಾಗಾಗಿ ನಮ್ಮವರು ಮಳೆ, ಮೀನು, ಬಿಸಿಲು ಇಷ್ಟರಲ್ಲೇ ಮಾತು ಮುಗಿಸುತ್ತಾರೆ. ಅಪ್ಪಿತಪ್ಪಿ ಯಾರಾದರೂ ಏನಾದರೂ ಕೇಳಿಬಿಟ್ಟರೆ ಉತ್ತರ ಕೊಡಬೇಕಾಗಿಲ್ಲ. ಮುಖ ತಿರುಗಿಸಿ ನೀರು ನೋಡಿದರೆ ಸಾಕು. ಕೇಳಿದವರೂ ಅರ್ಥ ಮಾಡಿಕೊಂಡು ಅತ್ತಲೇ ತಿರುಗುತ್ತಾರೆ. ನಮ್ಮಲ್ಲಿ ಅದಕ್ಕೆ ಮರ್ಯಾದೆ ಎನ್ನುತ್ತಾರೆ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಹೆಣ್ಣು ನೋಡುವ ಶಾಸ್ತ್ರವನ್ನು ದಡದಲ್ಲೇ ಮುಗಿಸುತ್ತೇವೆ. ಸೇತುವೆ ಕಟ್ಟಿಸಿಕೊಡುತ್ತೇನೆ ಎಂದು ಒಮ್ಮೆ ಒಬ್ಬ ದೊಡ್ಡ ಮನುಷ್ಯ ಲಾಂಚಿನಲ್ಲೇ ನಿಂತು ಭಾಷಣ ಮಾಡಿದ. ಆ ದಿನ ಸಂಜೆಯವರೆಗೆ ಎಲ್ಲರೂ ಹೊಳೆಯ ಮಧ್ಯದಲ್ಲಿದ್ದರು. ಆಮೇಲೆ ಸೇತುವೆಯ ಮಾತನ್ನು ಯಾರೂ ಎತ್ತಿಲ್ಲ. ಕಷ್ಟವೆಲ್ಲ ಪ್ರವಾಸಿಗರದು. ಎರಡನೆಯ ಕುದ್ರುವಿನಲ್ಲಿ ಹಳೆಯ ದೀಪಸ್ತಂಭವಿದೆ, ಒಳ್ಳೆಯ ಮರಳ ದಂಡೆಯಿದೆ, ಮಳೆಗಾಲ ಕಳೆದರೆ ದೂರದೂರಿನ ಜನ ಬರುತ್ತಾರೆ. ಲಾಂಚಿನ ಹಗ್ಗ ಹಿಡಿಯುವ ಮುದುಕ ದೂಮಣ್ಣ ಹತ್ತುವ ಮೊದಲೇ ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ಅವರು ನಕ್ಕು ಹತ್ತುತ್ತಾರೆ. ಒಮ್ಮೆ ಒಬ್ಬ ಗೃಹಸ್ಥರು ಹೊಸ ಟೋಪಿ ಇಟ್ಟುಕೊಂಡು, ಫೋನಿನಲ್ಲಿ ಆಫೀಸಿನವರಿಗೆ, “ಜ್ವರ ಸಾರ್, ಏಳೋಕೇ ಆಗ್ತಿಲ್ಲ” ಎಂದರು. ಲಾಂಚು ನಿಂತಿತು.

“ಇಂಜಿನ್ ಕೆಟ್ಟೋಯ್ತಾ?” ಎಂದು ನನ್ನನ್ನು ಕೇಳಿದರು.

“ಇಂಜಿನಿಗೆ ಎಂತದೂ ಆಗ್ಲಿಲ್ಲ. ನಿಮ್ಮ ಜ್ವರ ಬಿಡ್ಬೇಕು” ಎಂದೆ.

ಕಾಲು ಗಂಟೆ ಬಿಸಿಲಿನಲ್ಲಿ ಕೂತ ಮೇಲೆ ಜ್ವರ ಬಿಟ್ಟಿತು. ಅದೇ ಸಂದರ್ಭ ಎಂದು ಅವರ ಹೆಂಡತಿ ಇನ್ನೆರಡು ಪ್ರಶ್ನೆ ಕೇಳಿದ್ದರಿಂದ ದೀಪಸ್ತಂಭ ಮುಟ್ಟುವಾಗ ಊಟದ ಹೊತ್ತು ಮೀರಿತ್ತು.

ಲಾಂಚು ಓಡಿಸುವವಳು ನಾನು, ಹೆಸರು ವಾರಿಜ. ನನಗಿಂತ ಮೊದಲು ನನ್ನ ಅಪ್ಪ ಐತಪ್ಪ ಓಡಿಸುತ್ತಿದ್ದರು. ನನಗೆ ಎಂಟು ವರ್ಷವಾದಾಗ ಹೆತ್ತಮ್ಮ ತೀರಿಕೊಂಡಳು. ಹತ್ತು ತುಂಬುವಾಗ ಅಪ್ಪ ಇನ್ನೊಂದು ಮದುವೆಯಾಗಿ ಗುಲಾಬಿ ಎಂಬವರನ್ನು ಕರೆತಂದರು. ಅವರನ್ನು ನಾನು ಚಿಕ್ಕಿ ಎಂದೇ ಕರೆದೆ, ಕೊನೆಯವರೆಗೂ. ನಾನು ಹೇಳುತ್ತಿರುವುದು ಅವರ ವಿಷಯ. ದಡದಲ್ಲಿ ಕೂತು ಹೇಳುತ್ತಿದ್ದೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಚಿಕ್ಕಿ ಹುಟ್ಟಿ ಬೆಳೆದದ್ದು ಘಟ್ಟದ ಬುಡದಲ್ಲಿ, ಹೊಳೆಯಿಲ್ಲದ ಊರಲ್ಲಿ. ಮದುವೆಯ ಮಾರನೆಯ ದಿನ ಅಪ್ಪ ಅವರನ್ನು ಪೇಟೆಯ ಕಟ್ಟೆಯಿಂದ ಲಾಂಚಿಗೆ ಹತ್ತಿಸಿಕೊಂಡರು. ನಾನು ಅಜ್ಜಿಯ ಸೆರಗು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಇಪ್ಪತ್ತು ವರ್ಷ ಲಾಂಚು ಓಡಿಸಿದ, ಇನ್ನೊಬ್ಬರ ಸುಳ್ಳಿಗೆ ಬೈದು ಬೈದು ಸಾಕಾಗಿದ್ದ ಅಪ್ಪ, ಹೊಸ ಹೆಂಡತಿಯ ಮುಖ ನೋಡಿದ್ದೇ ಎಲ್ಲ ಮರೆತರು. “ವಾರಿಜ ನಾಲ್ಕು ದಿನದಿಂದ ನಿನ್ನ ದಾರಿಯೇ ಕಾಯ್ತಾ ಇದ್ದಾಳೆ” ಎಂದುಬಿಟ್ಟರು.

ಆಗಷ್ಟೇ ಮೊದಲ ಕುದ್ರು ದಾಟಿತ್ತು. ಲಾಂಚು ಅಲ್ಲೇ ನಿಂತಿತು. ಹತ್ತಿದ್ದ ಮೂವತ್ತು ಜನವೂ ನೀರು ನೋಡಿದರು. ಅಪ್ಪನ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಚಕ್ರವನ್ನು ಆಚೆ ಈಚೆ ತಿರುಗಿಸಿ ಏನೋ ಕೆಲಸವಿದ್ದವರ ಹಾಗೆ ಮಾಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, “ಅದು ಸುಳ್ಳು. ನೀನು ಬರುದು ಅವಳಿಗೆ ಇಷ್ಟ ಇರ್ಲಿಲ್ಲ. ಮೊನ್ನೆಯಿಂದ ಊಟ ಬಿಟ್ಟು ಕೂತಿದ್ದಾಳೆ” ಎಂದರು. ಲಾಂಚು ಹೊರಟಿತು.

ಪಕ್ಕದಲ್ಲಿದ್ದ ಮೀನು ಮಾರುವ ಫೆಲ್ಸಿಬಾಯಿ ಚಿಕ್ಕಿಯ ಕಿವಿಯಲ್ಲಿ ಲಾಂಚು ನಿಂತದ್ದು ಯಾಕೆಂದು ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ಚಿಕ್ಕಿ ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. “ನಂಗೂ ಬರ್ಲಿಕ್ಕೆ ಇಷ್ಟ ಇರ್ಲಿಲ್ಲ ಮಗಾ. ಮನೆಯಲ್ಲಿ ಅತ್ತಿಗೆಯ ಕಾಟ ತಡೀಲಿಕ್ಕೆ ಆಗದೆ ಬಂದೆ” ಎಂದರು. ಲಾಂಚು ನಿಲ್ಲಲಿಲ್ಲ. “ಹಸಿವಾಗ್ತಾ ಉಂಟಾ ನಿಂಗೆ?” ಎಂದು ಕೇಳಿದರು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಾನು ನೀರು ನೋಡಿದೆ.

ಲಾಂಚು ನಿಂತ ಆ ಐದು ನಿಮಿಷ ನನಗೆ ದೊಡ್ಡ ಆಸ್ತಿಯಾಯಿತು. ನನಗೆ ಈ ಹೆಂಗಸು ಬೇಡ ಎಂಬುದಕ್ಕೆ ಹೊಳೆಯೇ ಸಾಕ್ಷಿ ನಿಂತ ಮೇಲೆ ಇನ್ನೇನು? ಶಾಲೆಯಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದೆ. ಚಿಕ್ಕಿ ತಲೆ ಬಾಚಲು ಕರೆದರೆ, ಗಂಜಿಗೆ ತುಪ್ಪ ಹಾಕಿದರೆ, ಜ್ವರ ಬಂದಾಗ ಪಕ್ಕದಲ್ಲಿ ಕೂತರೆ, ಮನಸ್ಸು ಸ್ವಲ್ಪ ಕರಗುವಂತೆ ಆದಾಗಲೆಲ್ಲ ಆ ದಿನವನ್ನು ನೆನೆಸಿಕೊಂಡು ಗಟ್ಟಿಯಾಗುತ್ತಿದ್ದೆ. ಹತ್ತು ವರ್ಷದ ಹುಡುಗಿಯ ಸಿಟ್ಟನ್ನು ಮೂವತ್ತು ದಾಟಿದರೂ ನನ್ನದೆಂದೇ ತಿಳಿದಿದ್ದೆ. ಅದು ಇನ್ನೂ ಇದೆಯೇ ಎಂದು ಒಂದು ದಿನವೂ ಮುಟ್ಟಿ ನೋಡಲಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ನೆಪವೂ ಇತ್ತು. ಚಿಕ್ಕಿಗೆ ಲಾಂಚಿನ ಮರ್ಯಾದೆ ಕೊನೆಗೂ ಬರಲಿಲ್ಲ. ಹತ್ತಿ ಕೂತ ಕೂಡಲೇ ಪ್ರಶ್ನೆ ಶುರು. “ಸೊಸೆ ಹೊಟ್ಟೆ ತುಂಬ ಬಡಿಸ್ತಾಳಾ ನಿಮಗೆ?” “ಕಾಲುನೋವು ಹೌದಾ, ಕೆಲಸ ತಪ್ಪಿಸ್ಲಿಕ್ಕೆ ಹೇಳುದಾ?” ಅವರಿದ್ದ ದಿನ ಲಾಂಚಿನ ಎರಡೂ ಬದಿಯಲ್ಲಿ ಜನ ಸಾಲಾಗಿ ನಿಂತು ನೀರು ನೋಡುತ್ತಿದ್ದರು. ಅವರು ಕೇಳುತ್ತಿದ್ದದ್ದು ಕೆಟ್ಟ ಬುದ್ಧಿಯಿಂದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ, ತಿಳಿದರೆ ಸುಮ್ಮನಿರುತ್ತಲೂ ಇರಲಿಲ್ಲ. ಸೊಸೆ ಬಡಿಸುವುದಿಲ್ಲ ಎಂದು ಒಬ್ಬ ಅಜ್ಜಿ ಬಾಯಿಬಿಟ್ಟರೆ ಮರುದಿನದಿಂದ ಆ ಅಜ್ಜಿಗೆ ನಮ್ಮ ಮನೆಯಿಂದ ಪಾತ್ರೆ ಹೋಗುತ್ತಿತ್ತು. ತಮ್ಮನ್ನು ಯಾರು ಏನು ಕೇಳಿದರೂ ಪಟಕ್ಕನೆ ಉತ್ತರ ಕೊಡುತ್ತಿದ್ದರು. ಅಷ್ಟು ವರ್ಷ ಅಷ್ಟು ಮಾತಾಡಿದ ಆ ಹೆಂಗಸಿನಿಂದ ಲಾಂಚು ಒಂದು ಸಲವೂ ನಿಂತದ್ದಿಲ್ಲ. ಇದನ್ನು ನಾನು ಆಗ ಗಮನಿಸಲಿಲ್ಲ. ಆಗ ನನಗೆ ನಾಚಿಕೆಯಾಗುತ್ತಿತ್ತು, ಅವರಿಂದ ದೂರ ಇಂಜಿನಿನ ಬಳಿ ಹೋಗಿ ಕೂರುತ್ತಿದ್ದೆ. ಹಾಗೆ ಕೂತೇ ಲಾಂಚು ಓಡಿಸಲು ಕಲಿತೆ ಎಂದರೂ ತಪ್ಪಲ್ಲ.

ನನಗೆ ಇಪ್ಪತ್ತೊಂಬತ್ತಾದಾಗ ಅಪ್ಪ ಹೋದರು. ಅದಾಗಲೇ ಕಾಯಿಲೆಯ ಅಪ್ಪನ ಬದಲಿಗೆ ನಾಲ್ಕು ವರ್ಷದಿಂದ ಚಕ್ರ ಹಿಡಿಯುತ್ತಿದ್ದವಳು ನಾನೇ. ಆದರೆ ಲಾಂಚು ಕಮಿಟಿಯವರು ಪೇಟೆಯಲ್ಲಿ ಮೀಟಿಂಗು ಮಾಡಿ, ಹೆಂಗಸಿಗೆ ಖಾಯಂ ಕೊಡುವುದು ಸರಿಯಲ್ಲ ಎಂದು, ಅಧ್ಯಕ್ಷ ಪೂವಣಿಯವರ ಅಳಿಯನನ್ನು ಆರಿಸಿದರು. ಆ ಪುಣ್ಯಾತ್ಮ ಜೀವನದಲ್ಲಿ ಸೈಕಲ್ ಒಂದನ್ನು ಬಿಟ್ಟು ಬೇರೇನನ್ನೂ ತಿರುಗಿಸಿದವನಲ್ಲ. ಮೀಟಿಂಗು ಮುಗಿಸಿ ಅವರೆಲ್ಲ ನನ್ನ ಲಾಂಚಿನಲ್ಲೇ ಮರಳುತ್ತಿದ್ದರು. ಚಿಕ್ಕಿಯೂ ಹತ್ತಿದರು, ಹೋಗಿ ಪೂವಣಿಯವರ ಎದುರಿಗೇ ಕೂತರು.

“ಪೂವಣಿಯವರೇ, ನಿಮ್ಮ ಅಳಿಯ ವಾರಿಜನಿಗಿಂತ ಚಂದ ಓಡಿಸ್ತಾನಾ?”

ಪೂವಣಿಯವರು ಬಲಕ್ಕೆ ತಿರುಗಿ ನೀರು ನೋಡಿದರು. ಚಿಕ್ಕಿ ಎದ್ದು ಬಲಕ್ಕೆ ಹೋಗಿ ನಿಂತರು. ಅವರು ಎಡಕ್ಕೆ ತಿರುಗಿದರು. ಚಿಕ್ಕಿ ಎಡಕ್ಕೆ ಬಂದರು. ಲಾಂಚಿನಲ್ಲಿ ಹೀಗೆ ಯಾರೂ ಯಾವತ್ತೂ ಮಾಡಿದ್ದಿಲ್ಲ.

“ನೀರು ಎಲ್ಲಿಗೂ ಓಡಿ ಹೋಗುದಿಲ್ಲ, ಆಮೇಲೆ ನೋಡುವಿರಂತೆ. ಹೇಳಿ, ಓಡಿಸ್ತಾನಾ?”

ಜನರ ಮುಂದೆ ಸೋಲಬಾರದೆಂದು ಪೂವಣಿಯವರು, “ಓಡಿಸ್ತಾನೆ, ಎಂತಕ್ಕೆ ಓಡಿಸುದಿಲ್ಲ?” ಎಂದರು. ಲಾಂಚು ನಿಂತಿತು. ಒಂದೂವರೆ ಗಂಟೆ ನಿಂತಿತು. ಚಿಕ್ಕಿ ಚೀಲದಿಂದ ಅವಲಕ್ಕಿ ತೆಗೆದು ಬೆಲ್ಲ ಕಲಸಿ ಎಲ್ಲರಿಗೂ ಹಂಚಿದರು, ಮೊದಲ ಪಾಲು ಪೂವಣಿಯವರಿಗೇ. ಅವಲಕ್ಕಿ ಮುಗಿದ ಮೇಲೆ ಅವರು ತಲೆ ತಗ್ಗಿಸಿ, “ಅದು ಸುಳ್ಳು. ಅವನಿಗೆ ಬರುದಿಲ್ಲ” ಎಂದರು. ಕೆಲಸ ನನಗೆ ಉಳಿಯಿತು.

ಆ ದಿನ ನಾನು ಚಿಕ್ಕಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಊರವರ ಮುಂದೆ ಮಾನ ಕಳೆದಿರಿ ಎಂದು ಮನೆಗೆ ಬಂದು ಮುಖ ಊದಿಸಿಕೊಂಡೆ. ಕೆಲಸ ಮಾತ್ರ ಬಿಡಲಿಲ್ಲ.

ಆಮೇಲೆ ಹನ್ನೆರಡು ವರ್ಷ ನಾವಿಬ್ಬರೇ ಇದ್ದೆವು. ನಾನು ಮದುವೆಯಾಗಲಿಲ್ಲ, ಲಾಂಚು ಬಿಟ್ಟು ಹೋಗುವ ಮನಸ್ಸಾಗಲಿಲ್ಲ. ಚಿಕ್ಕಿ ದಿನವೂ ಮಧ್ಯಾಹ್ನ ಬುತ್ತಿ ಹಿಡಿದು ಕುದ್ರುವಿನ ಕಟ್ಟೆಗೆ ಬರುತ್ತಿದ್ದರು. ನಾನು ಊಟ ಮಾಡುವಾಗ ಎದುರು ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಒಂದು ದಿನ ಬುತ್ತಿ ಬರುವುದು ತಡವಾದರೆ ನನ್ನ ಕಣ್ಣು ದಾರಿಯ ಮೇಲೇ ಇರುತ್ತಿತ್ತು. ಹಸಿವಿಗೆ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಬುತ್ತಿ ಬರಲಿಲ್ಲ. ಬದಲಿಗೆ ಫೆಲ್ಸಿಬಾಯಿ ಓಡಿ ಬಂದಳು. ಈಗ ಅವಳಿಗೂ ವಯಸ್ಸಾಗಿದೆ, ಆದರೂ ಓಡಿ ಬಂದಳು. “ವಾರಿಜಾ, ನಿನ್ನ ಚಿಕ್ಕಿ ಕಾಯಿ ತುರಿಯುವಾಗ ಹಾಗೆಯೇ ಬಿದ್ದದ್ದು. ಎದೆ ಹಿಡ್ಕೊಂಡಿದ್ದಾರೆ. ಇಂಜಿನ್ ಶುರು ಮಾಡು” ಎಂದಳು. ನಾಲ್ಕು ಜನ ಚಿಕ್ಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಚಕ್ರದ ಪಕ್ಕದ ಬೆಂಚಿನಲ್ಲಿ ಮಲಗಿಸಿದೆವು, ಫೆಲ್ಸಿಬಾಯಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದೂಮಣ್ಣ ಹಗ್ಗ ಬಿಚ್ಚಿದ. ಯಾರಿಗೂ ಒಂದಕ್ಷರ ಮಾತಾಡುವ ಧೈರ್ಯವಿರಲಿಲ್ಲ. ‘ಏನೂ ಆಗುವುದಿಲ್ಲ’ ಎಂದು ಬೇರೆ ಊರಿನವರು ಹೇಳುತ್ತಾರಲ್ಲ, ನಮ್ಮಲ್ಲಿ ಅದನ್ನು ಹೇಳುವಂತಿಲ್ಲ. ಹೇಳಿ ಲಾಂಚು ನಿಂತರೆ ರೋಗಿಗೂ ಗೊತ್ತಾಗುತ್ತದೆ, ಆಸ್ಪತ್ರೆಯೂ ದೂರವಾಗುತ್ತದೆ.

ಎರಡನೆಯ ಕುದ್ರು ದಾಟುವಾಗ ಚಿಕ್ಕಿ ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು. ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟೇ ಮಾತಾಡಿದರು.

“ವಾರಿಜಾ, ಒಂದು ಕೇಳ್ತೇನೆ. ಇಷ್ಟು ವರ್ಷದಲ್ಲಿ, ಒಂದು ದಿನವಾದ್ರೂ, ನಾನು ನಿಂಗೆ ಅಮ್ಮ ಅಂತ ಕಂಡದ್ದುಂಟಾ?”

ಉಂಟು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಬಂದಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಹೆದರಿಕೆಯಾಯಿತು. ಹೇಳಿದ ಮೇಲೆ ಲಾಂಚು ನಿಂತುಬಿಟ್ಟರೆ? ಚಿಕ್ಕಿಗೆ ವೈದ್ಯರನ್ನು ಕಾಣುವ ಮೊದಲೇ ಅದು ಗೊತ್ತಾಗಬೇಕೇ? ಆಮೇಲೆ ‘ಅದು ಸುಳ್ಳು’ ಎಂದು ನಾನೇ ಬಾಯಿಬಿಟ್ಟು ಹೇಳಬೇಕಲ್ಲ, ಸಾಯುವಂತಿರುವ ಹೆಂಗಸಿನ ಮುಖ ನೋಡಿ ಹೇಗೆ ಹೇಳಲಿ? ಸುಮ್ಮನಿದ್ದರೆ ಯಾರಿಗೂ ನೋವಾಗುವುದಿಲ್ಲ, ಲಾಂಚೂ ಓಡುತ್ತಿರುತ್ತದೆ ಎಂದು ಯೋಚಿಸಿದೆ. ನನ್ನ ಬುದ್ಧಿ ಅಷ್ಟು ಚುರುಕಾಗಿ ಯಾವತ್ತೂ ಓಡಿರಲಿಲ್ಲ. ಚಕ್ರ ಗಟ್ಟಿಯಾಗಿ ಹಿಡಿದು ನಾನು ನೀರು ನೋಡಿದೆ.

ತುಂಬಾ ಹೊತ್ತು ನೋಡಿದೆ. ಚಿಕ್ಕಿ ಎದ್ದು ಬಂದು ನನ್ನ ಮತ್ತು ನೀರಿನ ನಡುವೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ.

“ಅಡ್ಡಿಲ್ಲ ಮಗಾ” ಎಂದರು. “ದಾರಿ ನೋಡಿ ಓಡ್ಸು.”

ಅಲ್ಲಿಂದ ಕಟ್ಟೆಯವರೆಗೆ ಹದಿನೈದು ನಿಮಿಷ. ಅಷ್ಟು ಹೊತ್ತೂ ಚಿಕ್ಕಿ ಮತ್ತೊಂದು ಮಾತಾಡಲಿಲ್ಲ. ಲಾಂಚಿನಲ್ಲಿ ಅವರು ಸುಮ್ಮನೆ ಇದ್ದದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಎರಡನೆಯ ದಿನ ಬೆಳಿಗ್ಗೆ ಸ್ವಲ್ಪ ಹುಷಾರಾಗಿದ್ದರು, ದಿಂಬಿಗೆ ಒರಗಿ ಕೂತು ಪಕ್ಕದ ಹಾಸಿಗೆಯವಳಿಗೆ ಎಷ್ಟು ಮಕ್ಕಳು ಎಂದು ವಿಚಾರಿಸುತ್ತಿದ್ದರು. ಅದನ್ನು ನೋಡಿ ನನಗೆ ಜೀವ ಬಂದಂತಾಯಿತು. ಗಂಜಿ ಕುಡಿಸುತ್ತಾ, “ಚಿಕ್ಕಿ, ನೀವು ನಿನ್ನೆ ಕೇಳಿದ್ರಲ್ಲ, ಉಂಟು. ಒಂದು ದಿನ ಅಲ್ಲ, ತುಂಬಾ ದಿನ” ಎಂದೆ.

ಅವರು ಗಂಜಿ ನುಂಗಿ ನಕ್ಕರು. ನನ್ನ ಮೇಲೆ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ.

“ದಡದಲ್ಲಿ ಎಲ್ಲರೂ ಚಂದವೇ ಮಾತಾಡ್ತಾರೆ ಮಗಾ. ಪಾಪ, ನನ್ನ ಸಮಾಧಾನಕ್ಕೆ ಹೇಳ್ತೀ. ನಾನು ಹಾಗೆ ಕೇಳ್ಬಾರದಿತ್ತು.”

“ಸಮಾಧಾನಕ್ಕಲ್ಲ. ಮನೆಗೆ ಹೋಗುವಾಗ ಲಾಂಚಿನಲ್ಲೇ ಹೇಳ್ತೇನೆ. ನೀವೇ ನೋಡಿ.”

“ಬೇಡ ಮಾರಾಯ್ತಿ. ನಿಂತು ಹೋದ್ರೆ ಇಬ್ಬರಿಗೂ ನಾಚಿಕೆ.” ಹಾಗೆಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ತಾವೇ ಕುಡಿದರು. “ಸಾಕಿದ್ದು ನಾನು, ಸಾಕಿಸ್ಕೊಂಡದ್ದು ನೀನು. ಅಷ್ಟಾಯ್ತಲ್ಲ.”

ಅವರು ಬೇಡ ಎಂದಾಗ ನನಗೆ ಒಳಗೊಳಗೇ ಹಗುರವಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಲಾಂಚಿನಲ್ಲಿ ಹೇಳುತ್ತೇನೆ ಎಂದಿದ್ದೆ, ಆದರೆ ಅದು ನಿಲ್ಲುವುದಿಲ್ಲ ಎಂಬ ನಂಬಿಕೆ ನನಗೇ ಇರಲಿಲ್ಲ. ಇನ್ನೂ ಸಮಯವಿದೆ, ಮನೆಗೆ ಹೋದ ಮೇಲೆ ಬೇರೆ ರೀತಿಯಲ್ಲಿ ತೋರಿಸಿಕೊಟ್ಟರಾಯಿತು, ಲಾಂಚಿನ ಉಸಾಬರಿಯೇ ಬೇಡ ಎಂದುಕೊಂಡೆ. ಮಾರನೆಯ ದಿನ ನಾನು ಔಷಧಿ ತರಲು ಕೆಳಗೆ ಹೋಗಿದ್ದಾಗ ಚಿಕ್ಕಿ ಹೋದರು. ಪಕ್ಕದ ಹಾಸಿಗೆಯವಳೊಂದಿಗೆ ಮಾತಾಡುತ್ತಲೇ ಹೋದರಂತೆ.

ದೇಹವನ್ನು ಮಧ್ಯಾಹ್ನದ ಲಾಂಚಿನಲ್ಲಿ ತಂದೆವು. ಓಡಿಸಲು ಬೇರೆಯವರನ್ನು ಕರೆಯುತ್ತೇನೆ ಎಂದು ದೂಮಣ್ಣ ಹೇಳಿದ, ನಾನು ಬಿಡಲಿಲ್ಲ. ಅದೇ ಬೆಂಚಿನ ಮೇಲೆ ಮಲಗಿಸಿದ್ದರು. ಕುದ್ರುವಿನ ಅರ್ಧಕ್ಕರ್ಧ ಜನ ಬಂದಿದ್ದರು, ಮುದುಕರಾದ ಪೂವಣಿಯವರೂ ಕೋಲು ಊರಿಕೊಂಡು ಬಂದಿದ್ದರು. ಪ್ರಶ್ನೆ ಕೇಳುವವರು ಇಲ್ಲದ ಮೇಲೆ ಯಾರಿಗೂ ನೀರು ನೋಡುವ ಅಗತ್ಯವಿರಲಿಲ್ಲ, ಎಲ್ಲರೂ ಚಿಕ್ಕಿಯನ್ನೇ ನೋಡುತ್ತಿದ್ದರು.

ಮೊದಲ ಕುದ್ರು ದಾಟಿತು. ಹೊಳೆ ಶಾಂತವಾಗಿತ್ತು, ಗಾಳಿ ಇರಲಿಲ್ಲ. ಚಕ್ರದಿಂದ ಕೈ ತೆಗೆಯದೆ, ಅವರ ಕಡೆ ತಿರುಗಿ, “ಉಂಟು ಅಮ್ಮ, ನೀನು ಹಾಗೆ ಕಂಡದ್ದುಂಟು” ಎಂದೆ.

ಲಾಂಚು ಓಡುತ್ತಿತ್ತು.

ಇಂಜಿನಿನ ಸದ್ದಿನಲ್ಲಿ ನನ್ನ ಮಾತು ಹೊಳೆಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ, ಎಲ್ಲರಿಗೂ ಕೇಳುವಂತೆ. ಮತ್ತೊಮ್ಮೆ ಕೂಗಿಯೇ ಹೇಳಿದೆ. “ಅಮ್ಮನೇ! ದಿನಾ ಅಮ್ಮನೇ!” ಬೇಡಿಕೊಂಡೆ, ನಿಲ್ಲು ಎಂದು ಬೇಡಿಕೊಂಡೆ. ಒಂದು ಗಳಿಗೆ ನಿಂತರೂ ಸಾಕಿತ್ತು. ನಿಂತಿದ್ದರೆ ಮೊನ್ನೆ ನಾನು ಸುಮ್ಮನಿದ್ದದ್ದು ಸರಿ ಎಂದಾಗುತ್ತಿತ್ತು, ಇಲ್ಲದ್ದನ್ನು ಹೇಳದೆ ಉಳಿದೆ ಎಂದು ಹೇಗೋ ಬದುಕಿಕೊಳ್ಳುತ್ತಿದ್ದೆ. ನೊರೆ ಹಿಂದೆ ಸರಿಯುತ್ತಲೇ ಇತ್ತು. ದೀಪಸ್ತಂಭ ಬಂತು, ಹೋಯಿತು.

ಫೆಲ್ಸಿಬಾಯಿ ಎದ್ದು ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. “ನಿಲ್ಲಲಿಲ್ಲ ವಾರಿಜಾ” ಎಂದಳು, ಒಳ್ಳೆಯ ಸುದ್ದಿ ಹೇಳುವವಳಂತೆ. ಅವಳ ಕಣ್ಣಲ್ಲಿ ನೀರಿತ್ತು. “ನೋಡು, ನಿಲ್ಲಲೇ ಇಲ್ಲ.”

ಹೌದು, ನಿಲ್ಲಲಿಲ್ಲ. ಆ ದಿನ ನಾವು ಮೂವತ್ತೈದು ನಿಮಿಷಕ್ಕೇ ಮನೆಯ ಕಟ್ಟೆ ಮುಟ್ಟಿದೆವು.